ಬಗ್ಗಡದ ನೀರಿನಲ್ಲಿ ಮೀನಿನ ಮದುವೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಟಕರು ಫೋನ್ ಮಾಡಿದಾಗ, “ಕಂಪ್ಯೂಟರ್ ಬಗ್ಗೆ, ಕೆಲಸದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಪ್ಪ” ಎಂದಿದ್ದರು. ಆ ನಾಲ್ಕು ಮಾತನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿಯೇ ಹೇಳಿದ್ದಾರೆ. ನಾನು ಇವತ್ತು ಮೀನಿನ ಮದುವೆಯ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ಇದು ನಮ್ಮ ಕೆರೆಗೆ ಸಂಬಂಧಪಟ್ಟ ವಿಷಯ. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದವನು, ಮೀನಿನ ಪಂಡಿತನಲ್ಲ. ಆದರೆ ಊರಿನ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಅದಕ್ಕೆ ಉತ್ತರ ಹುಡುಕುತ್ತ ಎರಡು ವರ್ಷ ಓದಿದೆ. ಓದಿದ್ದನ್ನು ಒಪ್ಪಿಸಲು ಈ ಶಾಲೆಗಿಂತ ಒಳ್ಳೆಯ ಜಾಗ ನನಗೆ ಬೇರೆ ಇಲ್ಲ.

ಎರಡು ವರ್ಷದ ಹಿಂದೆ ಯುಗಾದಿಗೆ ಬಂದಾಗ ಸಂಜೆ ಕೆರೆ ಏರಿಯ ಮೇಲೆ ಹೋಗಿದ್ದೆ. ತೂಬಿನ ಹತ್ತಿರ, ನಾವೆಲ್ಲ ಮಾವ ಎಂದೇ ಕರೆಯುವ ಹಿರಿಯರು ಬಲೆ ಕೊಡವುತ್ತ ಕುಳಿತಿದ್ದರು. ಮಾತಿನ ನಡುವೆ ಅವರು ಕೇಳಿದರು: “ಅಲ್ಲ ಕಣಪ್ಪ, ನೀರು ಕೆಟ್ಟೋಯ್ತು, ನೀರು ಕೆಟ್ಟೋಯ್ತು ಅಂತ ಎಲ್ಲಾ ಅಂತಾರೆ. ನೀರು ಕೆಟ್ರೆ ಮೀನು ಸತ್ತು ತೇಲ್ಬೇಕು ತಾನೆ? ನಾನಂತೂ ತೇಲಿದ್ದು ಕಾಣ್ಲಿಲ್ಲ. ಹರಾಜು ಹಿಡಿದೋರಿಗೆ ಕ್ವಿಂಟಾಲ್‌ಗಟ್ಲೆ ಮೀನು ಸಿಗ್ತಾನೇ ಅದೆ. ಆದ್ರೆ ಮಳೆಗಾಲಕ್ಕೆ ಮೈ ಕೆಂಪೇರ್ತಿತ್ತಲ್ಲ, ಆ ಸಣ್ಣ ಚುಕ್ಕೆ ಮೀನು, ಅದೆಲ್ಲೋಯ್ತು? ಯಾವಾಗ ಸತ್ತೋಯ್ತು?”

ನನಗೆ ಉತ್ತರ ಗೊತ್ತಿರಲಿಲ್ಲ. ತೂಬಿನ ಮೆಟ್ಟಿಲಿಗೆ ಇಳಿದು ನೋಡಿದೆ. ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಲ್ಲಿ ಕುಳಿತು, ನೀರಿನೊಳಗೆ ಎಷ್ಟು ಮೆಟ್ಟಿಲು ಕಾಣುತ್ತವೆ ಎಂದು ಎಣಿಸುತ್ತಿದ್ದೆವು. ಮಾಗಿಯ ದಿನಗಳಲ್ಲಿ ನಾಲ್ಕನೆಯ ಮೆಟ್ಟಿಲು ಕಾಣುತ್ತಿತ್ತು ಎಂದು ನನಗೆ ನೆನಪು. ಆ ಸಂಜೆ ನೀರಿನೊಳಗಿನ ಮೊದಲನೆಯ ಮೆಟ್ಟಿಲೇ ಕಾಣಲಿಲ್ಲ. ನೀರು ಹಸಿರು ಬೆರೆತ ಕಾಫಿಯ ಹಾಗಿತ್ತು.

ಮಾವನ ಪ್ರಶ್ನೆ ಸರಳವಾಗಿದೆ. ಒಂದೂ ಹೆಣ ಬೀಳದೆ ಒಂದು ಜಾತಿಯ ಮೀನು ಇಲ್ಲವಾಗಲು ಸಾಧ್ಯವೇ? ಸಾಧ್ಯ. ಅದು ಹೇಗೆಂದು ಚೆನ್ನಾಗಿ ಗೊತ್ತಾಗಿರುವುದು ನಮ್ಮಿಂದ ಬಹು ದೂರದ ಒಂದು ಕೆರೆಯಲ್ಲಿ. ಮೊದಲು ಅಲ್ಲಿಗೆ ಹೋಗಿ ಬರೋಣ.

ಆಫ್ರಿಕಾದ ವಿಕ್ಟೋರಿಯಾ ಸರೋವರದ ಹೆಸರನ್ನು ಭೂಗೋಳದ ಪಾಠದಲ್ಲಿ ಓದಿದ್ದೇವೆ. ಟಾಂಜಾನಿಯಾ, ಉಗಾಂಡ, ಕೀನ್ಯಾ ಈ ಮೂರು ದೇಶಗಳ ನಡುವೆ ಸುಮಾರು 68 ಸಾವಿರ ಚದರ ಕಿಲೋಮೀಟರ್ ಹರಡಿದೆ. ಅಷ್ಟು ದೊಡ್ಡದಾದರೂ ಆಳ ಹೆಚ್ಚಿಲ್ಲ. ಅತಿ ಆಳದ ಜಾಗದಲ್ಲೂ 80 ಮೀಟರ್ ಆಸುಪಾಸು. ಸುಮಾರು 15 ಸಾವಿರ ವರ್ಷಗಳ ಹಿಂದೆ ಅದು ಒಣಗಿ, ಮತ್ತೆ ತುಂಬಿಕೊಂಡಿತು. ಆಮೇಲಿನ ಅಷ್ಟು ಕಡಿಮೆ ಕಾಲದಲ್ಲಿ ಅಲ್ಲಿ ಒಂದೇ ಕುಲದ ಸಣ್ಣ ಮೀನುಗಳು ಐನೂರಕ್ಕೂ ಹೆಚ್ಚು ಜಾತಿಗಳಾಗಿ ಕವಲೊಡೆದವು. ಅಂಗೈಯುದ್ದದ ಮೀನುಗಳು. ಟಾಂಜಾನಿಯಾದ ದಡದವರು ಇವನ್ನು ‘ಫುರು’ ಎನ್ನುತ್ತಾರೆ. ವಿಜ್ಞಾನಿಗಳು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿಸುತ್ತಾರೆ.

ಸಿಕ್ಲಿಡ್ ಎಂದರೆ ನಮಗೆ ಗೊತ್ತಿಲ್ಲದ ಮೀನೇನೂ ಅಲ್ಲ. ಸಂತೆಯಲ್ಲಿ ಜಿಲೇಬಿ ಎಂದು ಮಾರುತ್ತಾರಲ್ಲ, ತಿಲಾಪಿಯ, ಅದು ಇದೇ ಕುಟುಂಬದ್ದು. ಅದೂ ಆಫ್ರಿಕಾದಿಂದಲೇ ಬಂದದ್ದು; 1952ರಲ್ಲಿ ನಮ್ಮ ದೇಶಕ್ಕೆ ತಂದರು. ಜಿಲೇಬಿ ಮೀನಿನ ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುವುದನ್ನು ಬಲೆ ಬೀಸುವವರೆಲ್ಲ ನೋಡಿದ್ದೀರಿ. ವಿಕ್ಟೋರಿಯಾದ ಫುರು ಮೀನಿನ ತಾಯಿಯೂ ಹಾಗೆಯೇ. ಎರಡು ಮೂರು ವಾರ ಬಾಯಿ ತುಂಬ ಮೊಟ್ಟೆ, ಮರಿ ಹೊತ್ತು ತಿರುಗುತ್ತಾಳೆ. ಸರಿಯಾಗಿ ಊಟವಿಲ್ಲ. ಗಂಡು ಮರಿಗಳ ಕಡೆ ತಿರುಗಿಯೂ ನೋಡುವುದಿಲ್ಲ.

ಇಷ್ಟು ಕಷ್ಟಪಡುವವಳು ಗಂಡನ್ನು ಆರಿಸುವಾಗ ಹುಷಾರಾಗಿರಬೇಕಲ್ಲವೇ? ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರ ಇದೆ, ಅಲ್ಲಿ ಗಂಡು ನೋಡುವ ಶಾಸ್ತ್ರ. ಗಂಡು ಮೀನುಗಳು ಬಂಡೆಗಳ ನಡುವೆ ಒಂದೊಂದು ಜಾಗ ಹಿಡಿದು, ಮೈಬಣ್ಣ ಮೆರೆಸುತ್ತ, ರೆಕ್ಕೆ ಬಿಚ್ಚಿ ಕುಣಿಯುತ್ತವೆ. ಹೆಣ್ಣು ಒಂದೊಂದರ ಮನೆ ಮುಂದೆಯೂ ಹೋಗಿ ನೋಡಿ ಬರುತ್ತಾಳೆ.

ಈ ಐನೂರರಲ್ಲಿ ಎರಡೇ ಎರಡು ಜಾತಿಯನ್ನು ನೆನಪಿಟ್ಟುಕೊಳ್ಳಿ. ಒಂದರ ಗಂಡಿಗೆ ಬೆನ್ನು ಕೆಂಪು, ಪಕ್ಕೆ ಹಳದಿ. ಟಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ: ಪುಂಡಮೀಲಿಯ ನೈರೇರೈ. ಇನ್ನೊಂದು ಪುಂಡಮೀಲಿಯ ಪುಂಡಮೀಲಿಯ. ಅದರ ಗಂಡು ನೀಲಿ ಬೂದು. ಎರಡರ ಹೆಣ್ಣುಗಳೂ ಮಾಸಲು ಬಣ್ಣದವು. ನೋಡಿದರೆ ಅಕ್ಕತಂಗಿಯರ ಹಾಗೆ. ಎರಡು ಜಾತಿ ಕೂಡಿದರೆ ಮರಿ ಆಗುತ್ತದೆ, ಆ ಮರಿ ದೊಡ್ಡದಾಗಿ ಅದಕ್ಕೂ ಮರಿ ಆಗುತ್ತದೆ. ಅಂದರೆ ಈ ಎರಡು ಜಾತಿಯನ್ನು ಬೇರೆ ಬೇರೆಯಾಗಿ ಉಳಿಸಿದ್ದ ದೊಡ್ಡ ಗೋಡೆ ಹೆಣ್ಣಿನ ಕಣ್ಣು. ಕೆಂಪಿನ ಮನೆಯವಳು ಕೆಂಪನ್ನೇ ಆರಿಸುತ್ತಾಳೆ, ನೀಲಿಯ ಮನೆಯವಳು ನೀಲಿಯನ್ನೇ.

ಓಲೆ ಸೀಹೌಸೆನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಇದನ್ನು ಗಾಜಿನ ತೊಟ್ಟಿಯಲ್ಲಿ ಪರೀಕ್ಷಿಸಿದರು. ಹಗಲಿನಂಥ ಬಿಳಿ ಬೆಳಕಿನಲ್ಲಿ ಹೆಣ್ಣುಗಳು ತಮ್ಮ ಜಾತಿಯ ಗಂಡನ್ನೇ ಆರಿಸಿದವು. ಆಮೇಲೆ ಬಿಳಿ ಬೆಳಕು ತೆಗೆದು ಬರೀ ಕಿತ್ತಳೆ ಬೆಳಕು ಹಾಕಿದರು. ಕೆಂಪು, ನೀಲಿಯ ವ್ಯತ್ಯಾಸ ಅಳಿಸಿಹೋಯಿತು. ಹೆಣ್ಣುಗಳ ಆಯ್ಕೆಯೂ ಅಳಿಸಿಹೋಯಿತು. ಯಾರು ಸಿಕ್ಕರೂ ಸರಿ ಎನ್ನುವ ಹಾಗಾಯಿತು. ಇದು ನಮಗೆ ಹೊಸದಲ್ಲ. ಬಸ್ ನಿಲ್ದಾಣದ ಹಳದಿ ಸೋಡಿಯಂ ದೀಪದ ಕೆಳಗೆ ಸೀರೆ ನೋಡಿದರೆ ಕೆಂಪು ಯಾವುದು, ಹಸಿರು ಯಾವುದು ಎಂದು ತಿಳಿಯುವುದಿಲ್ಲ. ಅಲ್ಲಿ ನಿಂತು ಮದುವೆ ಸೀರೆ ಆರಿಸಿ ಎಂದರೆ ನಮ್ಮ ಅಕ್ಕಂದಿರು ಒಪ್ಪುತ್ತಾರೆಯೇ?

ಬಗ್ಗಡದ ನೀರು ಮಾಡುವುದು ಇದನ್ನೇ. ತಿಳಿ ನೀರಿನಲ್ಲಿ ಬಿಸಿಲು ಆಳಕ್ಕೆ ಇಳಿಯುತ್ತದೆ. ಕೆಂಪು ಬೇಗ ಹೀರಿಹೋದರೂ ನೀಲಿ, ಹಸಿರು ಬೆಳಕು ಬಹುದೂರ ಹೋಗುತ್ತವೆ. ನೀರಿನಲ್ಲಿ ಪಾಚಿ, ಮಣ್ಣಿನ ಕಣ ತುಂಬಿದಾಗ ಲೆಕ್ಕ ತಲೆಕೆಳಗಾಗುತ್ತದೆ. ನೀಲಿ ಬೆಳಕು ಮೇಲೆ ಮೇಲೆಯೇ ನಿಂತುಬಿಡುತ್ತದೆ. ಸ್ವಲ್ಪ ಕೆಳಗೆ ಹೋದರೆ ಉಳಿಯುವುದು ಹಳದಿ, ಕಿತ್ತಳೆ, ಕೆಂಪಿನ ಮಂಕು. ಇನ್ನೂ ಬಗ್ಗಡವಾದರೆ ಅದೂ ಇಲ್ಲ. ಗಂಡು ಮೀನು ಅಲ್ಲೇ ಇದೆ, ಬಣ್ಣ ಹಚ್ಚಿಕೊಂಡು ಕುಣಿಯುತ್ತಲೇ ಇದೆ, ನೋಡುವವಳಿಗೆ ಕಾಣುವುದಿಲ್ಲ.

ಸರೋವರದ ದಕ್ಷಿಣಕ್ಕೆ, ಟಾಂಜಾನಿಯಾದ ಮ್ವಾಂಜಾ ಪಟ್ಟಣದ ಬಳಿ ಒಂದು ಉದ್ದನೆಯ ಕೊಲ್ಲಿ ಇದೆ. ಅಲ್ಲಿ ಸಾಲಾಗಿ ಸಣ್ಣ ಸಣ್ಣ ದ್ವೀಪಗಳು. ಕೊಲ್ಲಿಯ ಹೊರಗಿನ ಮಕೋಬೆ ದ್ವೀಪದ ಸುತ್ತ ನೀರು ಸಾಕಷ್ಟು ತಿಳಿ. ಎರಡು ಮೀಟರ್ ಕೆಳಗಿನ ವಸ್ತುವೂ ಕಾಣುತ್ತದೆ. ಕೊಲ್ಲಿಯ ಒಳಗೆ ಬಂದ ಹಾಗೆ ಬಗ್ಗಡ ಹೆಚ್ಚು. ಲುವಾನ್ಸೋ ದ್ವೀಪದ ಬಳಿ ಅರ್ಧ ಮೀಟರ್ ಕಂಡರೆ ಹೆಚ್ಚು. ಮಕೋಬೆಯಲ್ಲಿ ಕೆಂಪು ಮೀನು ಬೇರೆ, ನೀಲಿ ಮೀನು ಬೇರೆ. ಎರಡು ಸ್ಪಷ್ಟ ಜಾತಿ. ನಡುವಿನ ದ್ವೀಪಗಳಲ್ಲಿ ಎರಡರ ಜೊತೆ ಬೆರಕೆಯೂ ಸಿಗುತ್ತದೆ. ಲುವಾನ್ಸೋದಲ್ಲಿ ಎರಡು ಜಾತಿಯೇ ಇಲ್ಲ. ಅತ್ತ ಕೆಂಪೂ ಅಲ್ಲದ, ಇತ್ತ ನೀಲಿಯೂ ಅಲ್ಲದ ಒಂದೇ ಗುಂಪು. 1997ರಲ್ಲಿ ಮತ್ತು 2008ರಲ್ಲಿ ಇವರು ಈ ಕೆಲಸವನ್ನು ಪ್ರಕಟಿಸಿದಾಗ ಜೀವವಿಜ್ಞಾನದವರೆಲ್ಲ ತಿರುಗಿ ನೋಡಿದರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬಗ್ಗಡವಾದ ಕಡೆ ಬಲೆ ಹಾಕಿದರೆ ಮೀನು ಸಿಗುತ್ತದೆ. ಲೆಕ್ಕ ಕಡಿಮೆಯಾಗದೆಯೂ ಇರಬಹುದು. ಯಾವ ಮೀನೂ ವಿಷ ಕುಡಿದು ಸಾಯಲಿಲ್ಲ, ಯಾವುದೂ ತೇಲಲಿಲ್ಲ. ಮದುವೆಗಳು ಅದಲು ಬದಲಾದವು ಅಷ್ಟೆ. ಕೆಲವು ತಲೆಮಾರು ಕಳೆದ ಮೇಲೆ ನೋಡಿದರೆ ಎರಡು ಜಾತಿಯ ಜಾಗದಲ್ಲಿ ಒಂದು ಬೆರಕೆ. ಮಾವ, ನೀವು ಕೇಳಿದಿರಲ್ಲ “ಯಾವಾಗ ಸತ್ತೋಯ್ತು” ಎಂದು. ಇಂಥ ಕಡೆ ಸತ್ತ ದಿನ ಎಂಬುದೇ ಇರುವುದಿಲ್ಲ.

ವಿಕ್ಟೋರಿಯಾದ ಎಲ್ಲ ನಷ್ಟಕ್ಕೂ ಬಗ್ಗಡವೊಂದೇ ಕಾರಣ ಎಂದರೆ ತಪ್ಪಾಗುತ್ತದೆ. 1950ರ ದಶಕದಲ್ಲಿ ಆ ಸರೋವರಕ್ಕೆ ನೈಲ್ ಪರ್ಚ್ ಎಂಬ ಆಳೆತ್ತರದ ಬೇಟೆ ಮೀನನ್ನು ತಂದುಬಿಟ್ಟರು. 1980ರ ದಶಕದಲ್ಲಿ ಅದು ಮಿತಿಮೀರಿ ಬೆಳೆದು ಫುರು ಮೀನುಗಳನ್ನು ನುಂಗಿತು. ಸುಮಾರು ಇನ್ನೂರು ಜಾತಿ ಕಾಣೆಯಾದವು ಎನ್ನುತ್ತಾರೆ. ಆ ನಷ್ಟ ಎಲ್ಲರ ಕಣ್ಣಿಗೂ ಬಿತ್ತು. ಬಗ್ಗಡದಿಂದಾದ ನಷ್ಟ ಸದ್ದಿಲ್ಲದೆ ಆಯಿತು.

ನೀರು ಬಗ್ಗಡವಾದದ್ದು ಹೇಗೆ? ಸುತ್ತಲಿನ ಕಾಡು ಕಡಿದರು, ಇಳಿಜಾರಿನಲ್ಲಿ ಉತ್ತರು, ಊರು ಬೆಳೆಯಿತು, ಕೊಳಚೆ ಹರಿಯಿತು. ಮಣ್ಣಿನ ಜೊತೆ ರಂಜಕ ಇಳಿಯಿತು. ರಂಜಕ ಅಂದರೆ ನಾವು ಹಾಕುವ ಡಿಎಪಿ ಗೊಬ್ಬರದಲ್ಲಿರುವ ಸತ್ತ್ವ. ಹೊಲದಲ್ಲಿ ಅದು ರಾಗಿಗೆ ಒಳ್ಳೆಯದು, ನೀರಿಗೆ ಬಂದರೆ ಪಾಚಿಗೆ ಹಬ್ಬ. ಒಂದು ಕಿಲೋ ರಂಜಕದಿಂದ ನೂರಾರು ಕಿಲೋ ಹಸಿ ಪಾಚಿ ಬೆಳೆಯಬಲ್ಲದು.

ಬಣ್ಣ ಕಾಣದಿದ್ದರೆ ಜಾತಿ ಕಲಸುವುದು ಒಂದು ತೊಂದರೆ. ಒಂದೇ ಜಾತಿಯೊಳಗೂ ಇನ್ನೊಂದು ತೊಂದರೆ ಇದೆ. ಆ ಕೆಂಪು ಮೀನುಗಳಲ್ಲಿ ಹೆಚ್ಚು ಕೆಂಪಾದ ಗಂಡಿನ ಮೈಯಲ್ಲಿ ಪರೋಪಜೀವಿಗಳು ಕಡಿಮೆ ಇರುತ್ತವೆ ಎಂದು ಗೊತ್ತಾಗಿದೆ. ಕೆಂಪು ಎಂದರೆ ಬರೀ ಶೋಕಿಯಲ್ಲ, ಅದು ಆರೋಗ್ಯದ ಪ್ರಮಾಣಪತ್ರ. ಬಗ್ಗಡದ ನೀರಿನಲ್ಲಿ ಗಂಡುಗಳ ಬಣ್ಣವೂ ಮಂಕು, ಹೆಣ್ಣುಗಳು ಬಣ್ಣಕ್ಕೆ ಕೊಡುವ ಬೆಲೆಯೂ ಕಡಿಮೆ. ಪ್ರಮಾಣಪತ್ರ ಓದಲು ಬೆಳಕಿಲ್ಲ ಎಂದ ಮೇಲೆ ಅದನ್ನು ಇಟ್ಟುಕೊಂಡು ಏನು ಪ್ರಯೋಜನ?

ಯುರೋಪಿನ ಬಾಲ್ಟಿಕ್ ಸಮುದ್ರದ ದಡದಲ್ಲೂ ಇದನ್ನು ನೋಡಿದ್ದಾರೆ. ಅಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಬೆರಳುದ್ದದ ಮುಳ್ಳು ಮೀನು ಇದೆ. ಅದರ ಗಂಡು ಸೊಪ್ಪು ಸದೆ ತಂದು, ತನ್ನ ಮೈಯ ಅಂಟಿನಿಂದ ಅಂಟಿಸಿ ಗೂಡು ಕಟ್ಟುತ್ತದೆ, ಹೊಟ್ಟೆ ಕೆಂಪು ಮಾಡಿಕೊಂಡು ಹೆಣ್ಣನ್ನು ಕರೆಯುತ್ತದೆ. ತಿಳಿ ನೀರಿನಲ್ಲಿ ಬಡಕಲು ಗಂಡು, ಎದುರಾಳಿಯನ್ನು ಕಂಡ ಕೂಡಲೇ ಕುಣಿತ ನಿಲ್ಲಿಸಿ ಹಿಂದೆ ಸರಿಯುತ್ತದೆ. ಪಾಚಿಯ ನೀರಿನಲ್ಲಿ ಎದುರಾಳಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಬಡಕಲು ಗಂಡೂ ಧೈರ್ಯವಾಗಿ ಕುಣಿಯುತ್ತದೆ. ಕತ್ತಲಲ್ಲಿ ಎಲ್ಲರೂ ಪೈಲ್ವಾನರೇ! ಹೆಣ್ಣು ಮೋಸ ಹೋಗುತ್ತಾಳೆ. ಅದೇ ಸಮುದ್ರದ ಮರಳು ಗೋಬಿ ಎಂಬ ಮೀನಿನಲ್ಲೂ, ಬಗ್ಗಡದಲ್ಲಿ ದೊಡ್ಡ ಗಟ್ಟಿ ಗಂಡಿಗೆ ಸಿಗುತ್ತಿದ್ದ ಮೇಲುಗೈ ಇಲ್ಲವಾಗುತ್ತದೆ.

ಕಣ್ಣಿಲ್ಲದಿದ್ದರೆ ಮೂಗು ಇದೆಯಲ್ಲ ಎನ್ನಬಹುದು. ಮೆಕ್ಸಿಕೋ ದೇಶದ ಹೊಳೆಗಳಲ್ಲಿ ಕತ್ತಿಬಾಲದ ಮೀನುಗಳಿವೆ. ಅವುಗಳ ಹೆಣ್ಣು ವಾಸನೆಯಿಂದಲೇ ತನ್ನ ಜಾತಿಯನ್ನು ಗುರುತಿಸುತ್ತದೆ. ಕೊಳೆತ ಸೊಪ್ಪು, ಕೊಳಚೆ ಸೇರಿದ ನೀರಿನಲ್ಲಿ ಹೆಚ್ಚಾಗುವ ಹ್ಯೂಮಿಕ್ ಆಮ್ಲವನ್ನು ಬೆರೆಸಿ ನೋಡಿದಾಗ ಆ ಗುರುತೂ ತಪ್ಪಿತು. ಕಣ್ಣಿಗೆ ಒಂದು ಮಂಜು, ಮೂಗಿಗೆ ಇನ್ನೊಂದು ಮಂಜು. ಇನ್ನು ಮೊಟ್ಟೆ ಇಟ್ಟ ಮೇಲಿನ ಕಷ್ಟ ಬೇರೆ. ಜಲ್ಲಿಕಲ್ಲಿನ ಸಂದಿಯಲ್ಲಿ ಮೊಟ್ಟೆ ಇಡುವ ಸಾಲ್ಮನ್‌ನಂಥ ಮೀನುಗಳಿಗೆ ಹೂಳು ಕೂತರೆ ಸಂದಿ ಮುಚ್ಚಿ, ಮೊಟ್ಟೆಗೆ ಗಾಳಿಯಾಡುವ ನೀರು ತಲುಪದೆ ಉಸಿರು ಕಟ್ಟುತ್ತದೆ.

ಇಷ್ಟು ಕೇಳಿದ ಮೇಲೆ ಯಾರಾದರೂ, “ಮುಂಗಾರು ಮಳೆಗೆ ಕೆಂಪು ನೀರು ಬಂದಾಗಲೇ ಅಲ್ಲವೇ ಮೀನು ಹತ್ತುವುದು, ಮೊಟ್ಟೆ ಇಡುವುದು?” ಎಂದು ಕೇಳಬೇಕು. ಕೇಳಿದರೆ ಅದು ಸರಿಯಾದ ಪ್ರಶ್ನೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಮಳೆಗಾಲದಲ್ಲಿ ಹೊಳೆಯ ಪ್ರವಾಹ ಬಂದಾಗ, ಕೆಂಪು ನೀರಿನಲ್ಲೇ ಮೊಟ್ಟೆ ಇಡುತ್ತವೆ. ಅವು ಬಣ್ಣ ನೋಡಿ ಜೋಡಿ ಆರಿಸುವ ಮೀನುಗಳಲ್ಲ, ಗೂಡು ಕಟ್ಟುವುದಿಲ್ಲ, ಮರಿ ಕಾಯುವುದಿಲ್ಲ. ಹರಿಯುವ ಹೊಸ ನೀರೇ ಅವಕ್ಕೆ ಲಗ್ನಪತ್ರಿಕೆ. ಅಲ್ಲದೆ ಪ್ರವಾಹದ ಕೆಂಪು ನೀರು ಬಂದು ಹೋಗುವ ಅತಿಥಿ. ಕೆಲವು ವಾರದಲ್ಲಿ ತಿಳಿಯಾಗುತ್ತದೆ. ನಾನು ಹೇಳುತ್ತಿರುವುದು ವರ್ಷವಿಡೀ ಕದಲದೆ ನಿಲ್ಲುವ ಬಗ್ಗಡದ ಬಗ್ಗೆ.

ಇಲ್ಲೇ ಮಾವನ ಪ್ರಶ್ನೆಯ ಇನ್ನೊಂದು ಅರ್ಧಕ್ಕೆ ಉತ್ತರ ಇದೆ. ಹರಾಜು ಹಿಡಿದವರಿಗೆ ಕ್ವಿಂಟಾಲ್‌ಗಟ್ಟಲೆ ಮೀನು ಸಿಗುತ್ತಿರುವುದು ಹೇಗೆ? ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಹಿಂದೆ ಹೊಳೆಯಿಂದ ಮರಿ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಜೊತೆಗಾರರು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಕೊಳದಲ್ಲೇ ಈ ಜಾತಿಯ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಆಮೇಲೆ ನಮ್ಮ ರಾಜ್ಯದಲ್ಲೂ ಬಿ.ಆರ್. ಪ್ರಾಜೆಕ್ಟ್‌ನಂಥ ಕಡೆಗಳಲ್ಲಿ ಮರಿ ಉತ್ಪಾದನಾ ಕೇಂದ್ರಗಳಾದವು. ಪ್ರತಿ ವರ್ಷ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿಸಿ ತಂದ ಮರಿಗಳನ್ನು ಕೆರೆಗೆ ಬಿಡುತ್ತಾರೆ, ವರ್ಷ ತುಂಬುವ ಹೊತ್ತಿಗೆ ಹಿಡಿಯುತ್ತಾರೆ.

ಇದು ಒಳ್ಳೆಯ ಕೆಲಸ, ಎಷ್ಟೋ ಮನೆಯ ಒಲೆ ಉರಿಸಿದೆ. ಆದರೆ ಅದರ ಒಂದು ಪರಿಣಾಮ ನನಗೆ ಇದನ್ನೆಲ್ಲ ಓದುವವರೆಗೆ ಹೊಳೆದಿರಲಿಲ್ಲ. ಹಿಡಿಯುವ ಮೀನು ಕೆರೆಯಲ್ಲಿ ಹುಟ್ಟಿದ್ದಲ್ಲ. ಆದ್ದರಿಂದ ತಕ್ಕಡಿಯ ತೂಕ ನೋಡಿ, ಕೆರೆ ಇನ್ನೂ ಹೆರುವ ಶಕ್ತಿ ಉಳಿಸಿಕೊಂಡಿದೆಯೇ ಎಂದು ಹೇಳಲಾಗುವುದಿಲ್ಲ. ತನ್ನಷ್ಟಕ್ಕೆ ತಾನು ಕೆರೆಯಲ್ಲೇ ಜೋಡಿ ಹುಡುಕಿ, ಜೊಂಡಿನ ನಡುವೆ ಮೊಟ್ಟೆ ಇಟ್ಟು ಬದುಕಬೇಕಾದದ್ದು ಆ ಸಣ್ಣ ಚುಕ್ಕೆ ಮೀನಿನಂಥವು. ಅವನ್ನು ಹರಾಜಿನಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. ದೊಡ್ಡ ಮೀನಿನ ಲೆಕ್ಕ ಸರಿಯಾಗಿರುವವರೆಗೆ ಸಣ್ಣ ಮೀನು ಇಲ್ಲವಾದದ್ದು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ಹಾಗಂತ ನಮ್ಮ ಚುಕ್ಕೆ ಮೀನು ಬಗ್ಗಡದಿಂದಲೇ ಹೋಯಿತು ಎಂದು ನಾನು ಹೇಳುವುದಿಲ್ಲ. ಔಷಧಿ ಸಿಂಪಡಣೆ ಇರಬಹುದು, ಕೆರೆ ಒಣಗಿದ ವರ್ಷಗಳಿರಬಹುದು, ಜಿಲೇಬಿಯ ಕಾಟ ಇರಬಹುದು, ತಳ ಕೆದಕಿ ರಾಡಿ ಎಬ್ಬಿಸುವ ಸಾಮಾನ್ಯ ಗೆಂಡೆ ಇರಬಹುದು. ವಿಕ್ಟೋರಿಯಾದ ಕಥೆಯನ್ನು ತಂದು ನಮ್ಮ ಕೆರೆಗೆ ಅಂಟಿಸುವುದು ಸುಲಭ. ಆದರೆ ಅಲ್ಲಿಯವರ ಹತ್ತಿರ ಇದ್ದ ಒಂದು ವಸ್ತು ನಮ್ಮ ಹತ್ತಿರ ಇಲ್ಲ. ಅದು ಹಳೆಯ ಅಳತೆ.

1927–28ರಲ್ಲಿ ಆ ಸರೋವರದ ಮೀನುಗಾರಿಕೆಯ ಸಮೀಕ್ಷೆ ನಡೆಯಿತು. ಆ ತಂಡದಲ್ಲಿದ್ದ ವರ್ದಿಂಗ್‌ಟನ್ ಎಂಬ ತರುಣ, ನೀರು ಎಷ್ಟು ತಿಳಿ ಎಂದು ಅಳೆದು ಬರೆದಿಟ್ಟರು. 1920ರ ದಶಕದಲ್ಲಿ ನಡು ನೀರಿನಲ್ಲಿ ಐದರಿಂದ ಎಂಟು ಮೀಟರ್ ಆಳದವರೆಗೆ ಕಾಣುತ್ತಿತ್ತು. 1990ರ ದಶಕದಲ್ಲಿ ಅಳೆದಾಗ ಮೂರು ಮೀಟರ್‌ಗಿಂತ ಕಡಿಮೆ. ಆ ಹಳೆಯ ಅಂಕಿ ಇರದಿದ್ದರೆ, ಈ ನೀರು ಮೊದಲಿಂದಲೂ ಹೀಗೇ ಇತ್ತು ಎಂದು ಎಲ್ಲರೂ ಅಂದುಕೊಳ್ಳುತ್ತಿದ್ದರು. ನಮ್ಮ ಕೆರೆಗೆ ಇರುವ ದಾಖಲೆ ನನ್ನ ನಾಲ್ಕನೆಯ ಮೆಟ್ಟಿಲು. ಅದೂ ನೆನಪಿನದು. ನೆನಪಿಗೆ ಹಳೆಯ ದಿನಗಳೆಲ್ಲ ತಿಳಿಯಾಗಿಯೇ ಕಾಣುತ್ತವೆ.

ತಡವಾದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಸ್ವಿಟ್ಜರ್ಲೆಂಡಿನ ಸರೋವರಗಳಲ್ಲಿ ಬಿಳಿ ಮೀನು ಎಂಬ ಗುಂಪಿನ ಹಲವು ಜಾತಿಗಳಿದ್ದವು. ಒಂದು ಜಾತಿ ಆಳದಲ್ಲಿ ಮೊಟ್ಟೆ ಇಡುತ್ತಿತ್ತು, ಇನ್ನೊಂದು ಮೇಲೆ. ಕೊಳಚೆ ಮತ್ತು ಸೋಪಿನ ರಂಜಕದಿಂದ ಪಾಚಿ ಬೆಳೆದು, ಕೊಳೆತು, ತಳದ ನೀರಿನಲ್ಲಿ ಆಮ್ಲಜನಕ ಇಲ್ಲದಾಯಿತು. ಆಳದ ಮೀನುಗಳು ಮೇಲೆ ಬಂದು ಉಳಿದವುಗಳ ಜೊತೆ ಬೆರೆತವು. ಆ ದೇಶದವರು ಎಚ್ಚೆತ್ತರು. 1986ರಲ್ಲಿ ಬಟ್ಟೆ ಸೋಪಿನ ಪುಡಿಯಲ್ಲಿ ರಂಜಕವನ್ನೇ ನಿಷೇಧಿಸಿದರು, ಕೊಳಚೆ ಶುದ್ಧ ಮಾಡಿದರು. ನೀರು ಮತ್ತೆ ತಿಳಿಯಾಯಿತು. ಕಲಸಿಹೋದ ಜಾತಿಗಳು ಮಾತ್ರ ಮರಳಲಿಲ್ಲ. ಹಾಲು ಕಾಫಿ ಬೆರೆಸಿದ ಮೇಲೆ ಲೋಟ ಎಷ್ಟು ತೊಳೆದರೂ ಹಾಲು ಬೇರೆ, ಕಾಫಿ ಬೇರೆ ಆಗುವುದಿಲ್ಲವಲ್ಲ.

ಇಲ್ಲಿ ಕುಳಿತ ಯಾರನ್ನೂ ದೂರಲು ನಾನು ಬಂದಿಲ್ಲ. ದೂರುವುದಾದರೆ ನಮ್ಮ ಮನೆಯಿಂದಲೇ ಶುರು ಮಾಡಬೇಕು. ಕೆರೆಯ ಮೇಲ್ಗಡೆ ನಮ್ಮ ಎರಡು ಎಕರೆ ಇಳಿಜಾರಿನ ಹೊಲ ಇದೆ. ನಾನು ಕಾಲೇಜಿಗೆ ಹೋದ ವರ್ಷ ಟ್ರ್ಯಾಕ್ಟರ್ ತಿರುಗಲು ಅಡ್ಡ ಎಂದು ಅಪ್ಪ ಅಡ್ಡಬದುಗಳನ್ನು ಕಿತ್ತು ಸಮ ಮಾಡಿಸಿದರು. ಆಗ ಬೇಡ ಎನ್ನುವ ತಿಳಿವಳಿಕೆ ನನಗೂ ಇರಲಿಲ್ಲ. ಅಲ್ಲಿಂದ ಕೊಚ್ಚಿಹೋದ ಮಣ್ಣು, ಅದಕ್ಕೆ ಅಂಟಿಕೊಂಡ ಡಿಎಪಿ, ಎಲ್ಲವೂ ಕೆರೆಯಲ್ಲೇ ಇದೆ. ತೂಬಿನ ಮೆಟ್ಟಿಲು ಮುಚ್ಚಿದ ಬಗ್ಗಡದಲ್ಲಿ ನನ್ನ ಫೀಸಿನ ಪಾಲೂ ಇದೆ. ಈ ಬೇಸಿಗೆಯಲ್ಲಿ ಅಪ್ಪನೂ ನಾನೂ ಸೇರಿ ಮತ್ತೆ ಬದು ಹಾಕಿಸಿ, ಅದರ ಮೇಲೆ ಹುಲ್ಲು ನೆಡಿಸಿದ್ದೇವೆ. ಅಪ್ಪ ಹೇಳಿದ್ದು ಇಷ್ಟೇ: “ಮೀನಿಗೋಸ್ಕರ ಅಲ್ಲ ಕಣೋ, ಮಣ್ಣು ನಮ್ದು, ಉಳೀಲಿ.” ಯಾವುದಕ್ಕೋಸ್ಕರ ಆದರೂ ಸರಿ, ಫಲ ಒಂದೇ. ಕೆರೆಗೆ ಬರುವ ಕಾಲುವೆಯ ಬಾಯಲ್ಲಿ ಜೊಂಡು, ಹುಲ್ಲು ಉಳಿಸಿದರೆ ಅದೂ ಮಣ್ಣು ತಡೆಯುತ್ತದೆ. ಹೂಳು ತೆಗೆಸುವಾಗ ದಡದ ಜೊಂಡನ್ನೆಲ್ಲ ಬೋಳಿಸದೆ ಸ್ವಲ್ಪ ಬಿಡಿಸಬೇಕು. ಮೊಟ್ಟೆ ಅಂಟಿಸುವ ಮೀನಿಗೆ ಅದೇ ತೊಟ್ಟಿಲು.

ಕೊನೆಯದಾಗಿ ಶಾಲೆಗೆ ಒಂದು ಸಣ್ಣ ಕಾಣಿಕೆ ತಂದಿದ್ದೇನೆ. ಇದು ಸಾಧಾರಣ ಸ್ಟೀಲ್ ತಟ್ಟೆ, ಇಪ್ಪತ್ತು ಸೆಂಟಿಮೀಟರ್ ಅಗಲ. ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಹಚ್ಚಿದೆ. ಕೆಳಗೆ ಒಂದು ತೂಕದ ಕಲ್ಲು, ಮೇಲೆ ಹಗ್ಗ, ಹತ್ತು ಸೆಂಟಿಮೀಟರಿಗೆ ಒಂದು ಗಂಟು. 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಎಂಬ ಪಾದ್ರಿ, ಖಗೋಳ ವಿಜ್ಞಾನಿ, ಹಡಗಿನಿಂದ ಬಿಳಿ ತಟ್ಟೆ ಇಳಿಬಿಟ್ಟು ಸಮುದ್ರದ ತಿಳಿಯನ್ನು ಅಳೆದರು. ಅದೇ ಉಪಾಯ ಇಂದಿಗೂ ಜಗತ್ತಿನ ಎಲ್ಲ ಕಡೆ ನಡೆಯುತ್ತಿದೆ. ತಟ್ಟೆಯನ್ನು ನೆರಳಿನ ಕಡೆಯಿಂದ ನಿಧಾನ ಇಳಿಬಿಡುವುದು, ಕಣ್ಣಿಗೆ ಮರೆಯಾದ ಗಂಟನ್ನು ಗುರುತಿಸುವುದು, ಮೇಲೆತ್ತುವಾಗ ಮತ್ತೆ ಕಂಡ ಗಂಟನ್ನು ಗುರುತಿಸುವುದು, ಎರಡರ ಸರಾಸರಿ ಬರೆಯುವುದು. ಏಳನೇ ಕ್ಲಾಸಿನ ಗಣಿತ ಸಾಕು.

ಇದರ ಜೊತೆ ಇನ್ನೂರು ಪುಟದ ಒಂದು ದಪ್ಪ ರಟ್ಟಿನ ಪುಸ್ತಕ. ಸಾಫ್ಟ್‌ವೇರಿನವನು ಆ್ಯಪ್ ಮಾಡಿಕೊಡುವುದು ಬಿಟ್ಟು ನೋಟ್ ಬುಕ್ ಕೊಡುತ್ತಾನಲ್ಲ ಎಂದುಕೊಳ್ಳಬೇಡಿ. ನಾನು ಹತ್ತು ವರ್ಷದ ಹಿಂದೆ ಬರೆದ ಪ್ರೋಗ್ರಾಮು ಈಗ ಯಾವ ಕಂಪ್ಯೂಟರಿನಲ್ಲೂ ತೆರೆಯುವುದಿಲ್ಲ. ಈ ಶಾಲೆಯ ಐವತ್ತು ವರ್ಷದ ಹಾಜರಿ ಪುಸ್ತಕಗಳನ್ನು ನಿನ್ನೆ ಪ್ರದರ್ಶನದಲ್ಲಿ ಇಟ್ಟಿದ್ದರು. ಮೊದಲನೆಯ ತಂಡದವರ ಹೆಸರನ್ನೂ ಸಲೀಸಾಗಿ ಓದಬಹುದಿತ್ತು. ತಿಂಗಳಿಗೆ ಒಂದು ಸಾಲು: ತಾರೀಖು, ಹೊತ್ತು, ಎಷ್ಟು ಸೆಂಟಿಮೀಟರ್, ನೀರಿನ ಬಣ್ಣ, ಬಲೆಯಲ್ಲಿ ಕಂಡ ಸಣ್ಣ ಮೀನುಗಳು, ಅಳೆದವರ ಹೆಸರು. ಮಕ್ಕಳು ಮೇಷ್ಟ್ರ ಜೊತೆಯಲ್ಲೇ ಹೋಗಬೇಕು, ತೂಬಿನ ಕಟ್ಟೆಯ ಮೇಲೆ ನಿಂತೇ ಅಳೆಯಬೇಕು, ನೀರಿಗೆ ಇಳಿಯಬಾರದು. ಸಣ್ಣ ಮೀನಿನ ಹೆಸರು ಹೇಳಿಕೊಡಲು ಮಾವ ಬರುತ್ತೇನೆಂದು ಒಪ್ಪಿದ್ದಾರೆ. ಆ ವಿಷಯದಲ್ಲಿ ಅವರೇ ನಮ್ಮ ಮೇಷ್ಟ್ರು.

ಈ ಪುಸ್ತಕ ಕೆರೆಯನ್ನು ತಿಳಿ ಮಾಡುವುದಿಲ್ಲ, ಚುಕ್ಕೆ ಮೀನನ್ನು ವಾಪಸ್ ತರುವುದೂ ಇಲ್ಲ. ಆದರೆ ಶಾಲೆಯ ನೂರನೆಯ ವರ್ಷದ ಸಭೆಯಲ್ಲಿ ಯಾರಾದರೂ ಎದ್ದು “ನೀರು ಯಾವಾಗ ಕೆಟ್ಟಿತು? ಯಾವ ಮೀನು ಯಾವಾಗ ಹೋಯಿತು?” ಎಂದು ಕೇಳಿದರೆ ನಮ್ಮ ಹಾಗೆ ಬಾಯಿ ಬಾಯಿ ನೋಡಿಕೊಂಡು ನಿಲ್ಲಬೇಕಾಗುವುದಿಲ್ಲ. ಅದಕ್ಕಿಂತ ಮೊದಲೇ, ಗಂಟು ಮೇಲೆ ಮೇಲೆ ಬರುತ್ತಿದೆ ಎಂದು ಕಂಡ ವರ್ಷವೇ ಯಾರಾದರೂ ಒಬ್ಬರು ಎಚ್ಚರಿಸಿದರೆ ನನ್ನ ತಟ್ಟೆ ಸಾರ್ಥಕ.

ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ತೂಬಿನ ಹತ್ತಿರ ಮೊದಲನೆಯ ಅಳತೆ. ಬೆಂಗಳೂರಿನ ಬಸ್ಸು ಮಧ್ಯಾಹ್ನ ಎರಡಕ್ಕೆ, ಹಾಗಾಗಿ ನಾನೂ ಇರುತ್ತೇನೆ. ಆಸಕ್ತಿ ಇರುವ ಮಕ್ಕಳು, ದೊಡ್ಡವರು ಬನ್ನಿ.